ಯಾವ ಪಂಚಾಂಗಕ್ಕೂ ಸೇರದ ಪೆಸಹಾ

ದಿನಾಂಕವೊಂದನ್ನು ಮೂರು ಕಡೆ ತಾಳೆ ನೋಡದೆ ನಂಬಬಾರದು ಎಂಬುದು ನನ್ನ ವೃತ್ತಿಧರ್ಮವಾಗಿತ್ತು. ಮೂಡುಬಿದಿರೆಯಲ್ಲಿ ತಾಳೆಗರಿಗಳ ನಡುವೆ ಕುಳಿತು ಕೂದಲು ನರೆಸಿಕೊಂಡವನು ನಾನು. ಲಿಪಿಕಾರ ಕೊನೆಯ ಗರಿಯಲ್ಲಿ ಸಂವತ್ಸರ, ಮಾಸ, ತಿಥಿ, ವಾರ ಎಲ್ಲವನ್ನೂ ಕೊರೆದಿಟ್ಟಿದ್ದರೂ ಆ ತಿಥಿಗೆ ಆ ವಾರ ನಿಜಕ್ಕೂ ಬಂದಿತ್ತೇ ಎಂದು ಲೆಕ್ಕ ಹಾಕುವೆ. ಬಂದಿರದಿದ್ದರೆ, ಎಂದೋ ತೀರಿಕೊಂಡ ಆ ಬಡಪಾಯಿಯ ಮೇಲೆ ಅಡಿಟಿಪ್ಪಣಿಯಲ್ಲಿ ಒಂದು ಆರೋಪ ಹೊರಿಸಿದ ಮೇಲೆಯೇ ನನಗೆ ನೆಮ್ಮದಿ. ನಿವೃತ್ತಿಯಾದರೂ ಚಾಳಿ ಬಿಡಲಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ಮೊದಲು ತಾರೀಕಿಗೂ ವಾರಕ್ಕೂ ಹೊಂದಿಕೆ ಉಂಟೇ ಎಂದು ನೋಡುತ್ತೇನೆ. ವಧೂವರರ ಹೆಸರು ಆಮೇಲೆ. ಇಂಥ ನಾನು 2024ರಲ್ಲಿ, ಮೂರು ಕಡೆ ತಾಳೆ ನೋಡಿಕೊಂಡೇ, ಒಂದು ಹಬ್ಬದೂಟಕ್ಕೆ ಹತ್ತಿರ ಹತ್ತಿರ ಒಂದು ತಿಂಗಳು ತಡವಾಗಿ ಹೋದೆ. ಆ ಕೀರ್ತಿಯನ್ನು ಬೇರೆ ಯಾರಾದರೂ ಹಬ್ಬಿಸುವ ಮೊದಲು ನಾನೇ ಹೇಳಿಬಿಡುವುದು ಮೇಲು.

ಜೈನನಾಗಿ ಹುಟ್ಟಿ, ಸ್ತೋತ್ರಗಳ ಪಾಠಾಂತರಗಳಲ್ಲಿ ಆಯುಷ್ಯ ಕಳೆದವನಿಗೆ ಕ್ರೈಸ್ತರ ಹಾಡುಗಳ ಗೊಡವೆ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಹೊಣೆ ಬಂಟ್ವಾಳದ ನನ್ನ ಸ್ನೇಹಿತ ಲಿಗೋರಿಯವರು. ಅಲ್ಲಿನ ಚರ್ಚಿನ ಗಾಯನವೃಂದದಲ್ಲಿ ಅವರದು ಹಳೆಯ ಕಂಠ. ಅವರ ಮಗಳ ಮದುವೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾಗ, ಕೊಂಕಣಿಯ ಹಾಡುಗಳ ನಡುವೆ ಎರಡು ಶಬ್ದಗಳು ಮತ್ತೆ ಮತ್ತೆ ಬಂದು ನನ್ನ ಕಿವಿಗೆ ತಾಗಿದವು: ಆಮೆನ್, ಹಲ್ಲೆಲೂಯ. ಇವು ಯಾವ ಭಾಷೆಯವು ಎಂದು ಅನ್ನ ಮತ್ತು ಪಾಯಸದ ನಡುವೆ ಕೇಳಿದೆ. ಪಕ್ಕದಲ್ಲಿದ್ದವರೆಲ್ಲ ಅವು ನಮ್ಮವೇ ಎಂದರು. ಮನೆಗೆ ಬಂದು ನೋಡಿದರೆ ಎರಡೂ ಹೀಬ್ರೂ. ಜೆರುಸಲೇಮಿನಿಂದ ಹೊರಟು ಗ್ರೀಕ್, ಲ್ಯಾಟಿನ್, ಪೋರ್ಚುಗೀಸ್ ಭಾಷೆಗಳ ಸುಂಕದಕಟ್ಟೆಗಳನ್ನೆಲ್ಲ ದಾಟಿ ನೇತ್ರಾವತಿಯ ದಂಡೆಗೆ ಬಂದಿಳಿದರೂ, ಆ ಗಂಟುಗಳನ್ನು ದಾರಿಯಲ್ಲಿ ಯಾರೂ ಬಿಚ್ಚಿರಲಿಲ್ಲ; ಅನುವಾದಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಹಸ್ತಪ್ರತಿಗಳ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೇ?

ಓದಲು ಕುಳಿತೆ. ಕ್ರೈಸ್ತರ ಮೊದಲ ತಲೆಮಾರಿನವರು ಯೆಹೂದ್ಯರೇ. ತಾವು ಬೇರೆಯೊಂದು ಧರ್ಮ ಕಟ್ಟುತ್ತಿದ್ದೇವೆಂಬ ಅರಿವೂ ಅವರಲ್ಲಿ ಎಷ್ಟು ಮಂದಿಗಿತ್ತೋ ತಿಳಿಯದು. ಬಾಯಿಗೆ ಬಂದ ಹಾಡು ತಾಯಿಯ ಮನೆಯದೇ ಆಗಿರಬೇಕಲ್ಲ. ದಾವೀದನ ಹೆಸರಿಗೆ ಸಲ್ಲುವ ಕೀರ್ತನೆಗಳು, ‘ಪವಿತ್ರ’ ಎಂದು ಮೂರು ಸಲ ಕೂಗುವ ದೇವದೂತರ ಘೋಷ, ಒಬ್ಬ ಒಂದು ಸಾಲು ಎತ್ತಿಕೊಟ್ಟು ಉಳಿದವರು ಪಲ್ಲವಿಯಿಂದ ಉತ್ತರಿಸುವ ಪದ್ಧತಿ, ಎಲ್ಲವೂ ಆ ಮನೆಯಿಂದ ಬಂದ ಒಡವೆಗಳು. ಯೇಸು ತನ್ನ ಶಿಷ್ಯರೊಡನೆ ಕೊನೆಯ ಊಟ ಮುಗಿಸಿ ಹಾಡೊಂದನ್ನು ಹಾಡಿ ಗುಡ್ಡದ ಕಡೆ ನಡೆದನೆಂದು ಸುವಾರ್ತೆಯಲ್ಲಿ ಹೇಳಿದೆ. ಯಾವ ಹಾಡು ಎಂಬುದಿಲ್ಲ. ಆದರೆ ಪೆಸಹಾ, ಎಂದರೆ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ನೆನೆಯುವ ಯೆಹೂದ್ಯರ ಹಬ್ಬದ ಊಟದ ಕೊನೆಗೆ ಹಾಡುವ ಕೀರ್ತನೆಗಳು ಗೊತ್ತಿರುವುದರಿಂದ, ಅವೇ ಇರಬೇಕೆಂದು ಹಲವರ ಊಹೆ.

ಇಷ್ಟು ಹೇಳಿ ಸುಮ್ಮನಿದ್ದರೆ ಸುಖವಾಗಿತ್ತು. ‘ಯಾವ ಶತಮಾನದಿಂದ?’ ಎಂದು ಕೇಳಿ ನಾನು ಕೆಟ್ಟೆ. ಆ ಪ್ರಶ್ನೆಗೆ ವಿದ್ವಾಂಸರು ಕೆಮ್ಮುತ್ತಾರೆ. ಜೆರುಸಲೇಮಿನ ದೇವಾಲಯದಲ್ಲಿ ಗಾಯಕರು ಹಾಡುತ್ತಿದ್ದುದು ನಿಜ, ಆದರೆ ಆ ದೇವಾಲಯ ಕ್ರಿ.ಶ. 70ರಲ್ಲಿ ನೆಲಕ್ಕುರುಳಿತು. ಯೆಹೂದ್ಯರು ಪ್ರಾರ್ಥನೆಗೆ ಸೇರುವ ಊರೂರಿನ ಸಭಾಮಂದಿರಗಳಲ್ಲಿ ಅದೇ ಕಾಲದಲ್ಲಿ ಕೀರ್ತನೆ ಹಾಡುವ ಪದ್ಧತಿ ಇತ್ತೆಂದು ಹಿಂದಿನ ಪಂಡಿತರು ನಂಬಿದ್ದರು. ಈಚಿನವರು ಆಧಾರ ತೋರಿಸಿ ಎನ್ನುತ್ತಾರೆ. ಸ್ವರಲಿಪಿಯ ಸಮೇತ ಉಳಿದು ಬಂದಿರುವ ಅತ್ಯಂತ ಹಳೆಯ ಕ್ರೈಸ್ತ ಹಾಡು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿತು. ಅದರ ಸ್ವರಲಿಪಿಯಾದರೋ ಗ್ರೀಕರದು. ಬೇರು ಯೆಹೂದ್ಯರದೆಂಬುದರಲ್ಲಿ ಸಂದೇಹವಿಲ್ಲ, ಆದರೆ ಮಣ್ಣು ಸರಿಸಿದಷ್ಟೂ ಅದು ಕವಲೊಡೆಯುತ್ತ ಹೋಗುತ್ತದೆ. ಈ ಸಂಕಟವನ್ನು ಬಂಟ್ವಾಳದಲ್ಲಿ ತೋಡಿಕೊಂಡಾಗ ಲಿಗೋರಿಯವರು ನನ್ನ ಬೆನ್ನು ತಟ್ಟಿದರು. “ನಿಮಗೆ ತಾರೀಕು ಸಿಗದಿದ್ರೆ ಅನ್ನ ಇಳಿಯುವುದಿಲ್ಲ ಮಾರಾಯ್ರೆ. ನಮಗೆ ಶ್ರುತಿ ಸಿಕ್ಕಿದ್ರೆ ಆಯ್ತು,” ಎಂದರು.

ಅಷ್ಟರಲ್ಲಿ ಸಾಲಿಯ ಕರೆ ಬಂತು. ಸಾಲಿ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಅವಳ ಗಂಡ ಜೋಯ್‌ನ ಮನೆತನದವರು ಕೇರಳದಿಂದ ಬೆಳ್ತಂಗಡಿಯ ಗುಡ್ಡಗಳಿಗೆ ರಬ್ಬರ್ ಬೆಳೆಯಲು ಬಂದ ಸಿರಿಯನ್ ಕ್ರೈಸ್ತರು. ಯೇಸುವಿನ ಮನೆಮಾತಾದ ಅರಮಾಯಿಕಿನ ಸೋದರಿ ಎನ್ನಬಹುದಾದ ಸಿರಿಯಾಕ್, ಅವರ ಪೂರ್ವಿಕರ ಪೂಜೆಯ ಭಾಷೆ. ಯೇಸುವಿನ ಆ ಕೊನೆಯ ಊಟದ ನೆನಪಾಗಿ ಅವರು ಪೆಸಹಾವನ್ನು ಚರ್ಚಿನಲ್ಲಿ ಮಾತ್ರವಲ್ಲ, ಮನೆಯಲ್ಲೂ ಆಚರಿಸುತ್ತಾರೆ: ಉದ್ದು, ಅಕ್ಕಿಹಿಟ್ಟಿನ ಹುಳಿಯಿಲ್ಲದ ಅಪ್ಪವನ್ನು ಹಬೆಯಲ್ಲಿ ಬೇಯಿಸಿ, ಮೇಲೆ ತೆಂಗಿನ ಎಳೆಗರಿಯ ಶಿಲುಬೆ ಇಟ್ಟು, ಮನೆಯ ಯಜಮಾನ ಮುರಿದು ಎಲ್ಲರಿಗೂ ಕೊಡುತ್ತಾನೆ. ಜೋಯ್‌ನ ಮನೆಯಲ್ಲಿ ಇನ್ನೊಂದು ರೂಢಿಯಿತ್ತು. ಅಪ್ಪ ಮುರಿಯುವ ಮೊದಲು ಅವನ ತಂದೆ ಔಸೇಪಚ್ಚನ್ ಕೃತಜ್ಞತೆಯ ಹಾಡೊಂದರ ಸಾಲುಗಳನ್ನು ಒಂದೊಂದಾಗಿ ಎತ್ತುತ್ತಿದ್ದರು. ಪ್ರತಿ ಸಾಲಿಗೂ ಅವರ ಹೆಂಡತಿ, ದೇವರ ಕರುಣೆಗೆ ಕೊನೆಯಿಲ್ಲವೆಂಬರ್ಥದ ಒಂದೇ ಉತ್ತರ ಕೊಡುತ್ತಿದ್ದರು. ಕೀರ್ತನೆಗಳಲ್ಲಿಯೇ ಅತ್ಯಂತ ಪುರಾತನವಾದ ಕಟ್ಟು ಅದು. ನಾನು ಪುಸ್ತಕದಲ್ಲಿ ಅಗೆಯುತ್ತಿದ್ದ ಬೇರು ನನ್ನೂರಿಂದ ಬಸ್ಸಿನ ದೂರದಲ್ಲಿ ಚಿಗುರಿ ನಿಂತಿತ್ತು. ‘ಬರುವ ಪೆಸಹಾಕ್ಕೆ ಬನ್ನಿ ಸರ್, ಇಬ್ಬರ ಹಾಡನ್ನೂ ಧ್ವನಿಮುದ್ರಿಸಿಕೊಳ್ಳಿ,’ ಎಂದು ಸಾಲಿ ನವೆಂಬರಿನಲ್ಲೇ ಆಹ್ವಾನಿಸಿದಳು.

ಡಿಸೆಂಬರಿನಲ್ಲಿ ಔಸೇಪಚ್ಚನ್ ತೀರಿಕೊಂಡರು. ಮಾತನಾಡಿಸಲು ಹೋದಾಗ ಸಾಲಿ ನನ್ನನ್ನು ಅಂಗಳದ ಬದಿಗೆ ಕರೆದು ತನ್ನ ಚಿಂತೆ ಹೇಳಿದಳು. ಯಜಮಾನನ ಪಾಲಿನ ಸಾಲುಗಳು ಬರೆದಿಟ್ಟವಲ್ಲ. ತಂದೆಗೆ ಮುಪ್ಪು ಬಂದಾಗ ಹಿರಿಯ ಮಗನಿಗೆ ಕಲಿಸಬೇಕೆಂದು ಪದ್ಧತಿ. ಔಸೇಪಚ್ಚನ್‌ಗೆ ತಮಗೆ ಮುಪ್ಪು ಬಂತೆಂದು ಕೊನೆಯವರೆಗೂ ಅನಿಸಲೇ ಇಲ್ಲ. ಜೋಯ್‌ಗೆ ಬರುವುದು ಪಲ್ಲವಿ ಮಾತ್ರ. ಇನ್ನು ಆ ಸಾಲುಗಳು, ಆ ಧಾಟಿ ಉಳಿದಿರುವುದು ಅತ್ತೆಯ ಕಿವಿಯಲ್ಲಿ. ಎಲ್ಲರೂ ಅಮ್ಮಚ್ಚಿ ಎಂದು ಕರೆಯುವ ಆಕೆಗೆ ಎಂಬತ್ತು ದಾಟಿದೆ, ಸಾಲದ್ದಕ್ಕೆ ಗಂಡ ಹೋದ ಮೇಲೆ ಹಾಡಿನ ಮಾತೇ ಎತ್ತಗೊಡುತ್ತಿಲ್ಲ. ನೀವಾದರೂ ಪೆಸಹಾಕ್ಕೆ ಬಂದು ಕೇಳಿ ಸರ್, ಎಂದಳು. ಬರುವೆನೆಂದು ಮಾತುಕೊಟ್ಟೆ.

ಮಾತುಕೊಟ್ಟ ಮೇಲೆ ದಿನಾಂಕ ನೋಡಬೇಕಲ್ಲ. ಪೆಸಹಾ ಯೆಹೂದ್ಯರ ಹಬ್ಬ. ಆದ್ದರಿಂದ ಯೆಹೂದ್ಯರ ಪಂಚಾಂಗ ನೋಡಿದೆ. ಮೂರು ಮೂಲಗಳೂ ಏಪ್ರಿಲ್ 22, ಸೋಮವಾರ ಸಂಜೆ ಎಂದು ಒಂದೇ ಬಾಯಲ್ಲಿ ಹೇಳಿದವು. ಅವರ ಪಂಚಾಂಗದಲ್ಲೂ ನಮ್ಮ ಅಧಿಕಮಾಸದಂತೆ ಆಗಾಗ ಒಂದು ತಿಂಗಳು ಸೇರುತ್ತದೆ. ಆ ವರ್ಷ ಸೇರಿದ್ದರಿಂದ ಅವರ ಹಬ್ಬ ನಮ್ಮ ಚೈತ್ರದ ಹುಣ್ಣಿಮೆಯ ಮಡಿಲಿಗೆ, ಮಹಾವೀರ ಜಯಂತಿಯ ಮರುದಿನಕ್ಕೆ ಬಂದಿತ್ತು. ಒಂದೇ ಚಂದ್ರ ಎರಡು ಧರ್ಮಗಳ ಕೆಲಸವನ್ನು ಬೆನ್ನುಬೆನ್ನಿಗೆ ಮಾಡುತ್ತಿರುವುದನ್ನು ಕಂಡು ಹಿಗ್ಗಿದೆ. ಕ್ರೈಸ್ತರು ಕ್ರಿ.ಶ. 325ರ ಧರ್ಮಸಭೆಯ ತರುವಾಯ ಯೆಹೂದ್ಯರ ಲೆಕ್ಕವನ್ನು ಕೈಬಿಟ್ಟು ತಮ್ಮದೇ ಲೆಕ್ಕ ಹಿಡಿದರೆಂಬುದನ್ನು ನಾನು ಓದಿರಲಿಲ್ಲವೆಂದಲ್ಲ. ಆ ವಿಷಯದ ಮೇಲೆ ಟಿಪ್ಪಣಿಯನ್ನೇ ಮಾಡಿದ್ದೆ. ಅಷ್ಟೇ ಏಕೆ, ಮಾರ್ಚ್ ಕೊನೆಯ ದಿನ ಲಿಗೋರಿಯವರಿಗೆ ಫೋನ್ ಮಾಡಿ ಈಸ್ಟರ್ ಶುಭಾಶಯ ಹೇಳಿದವನೂ ನಾನೇ. ಶುಭಾಶಯ ಹೇಳಿ ಫೋನ್ ಇಟ್ಟು, ಇನ್ನು ಮೂರು ವಾರದಲ್ಲಿ ಪೆಸಹಾ ಎಂದು ಕಾಯುತ್ತ ಕುಳಿತೆ. ಬೇರು ಹುಡುಕುವ ಭರದಲ್ಲಿ ನನ್ನ ಮುಂದಿರುವುದು ಮರ ಎಂಬುದೇ ಮರೆತುಹೋಗಿತ್ತು. ಆ ಮರಕ್ಕೆ ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಅದರದೇ ಋತುವಿತ್ತು.

ಸೋಮವಾರ ಮಧ್ಯಾಹ್ನ ವೇಣೂರಿನ ದಾರಿಯಾಗಿ ಬೆಳ್ತಂಗಡಿ ತಲುಪಿ, ಅಲ್ಲಿಂದ ಜೀಪಿನಲ್ಲಿ ಗುಡ್ಡ ಹತ್ತಿದೆ. ಕೈಯಲ್ಲಿ ಜಯಂತಿಯ ಪಂಚಕಜ್ಜಾಯದ ಪೊಟ್ಟಣ. ಅಂಗಳದ ಹಗ್ಗದ ಮೇಲೆ ರಬ್ಬರ್ ಶೀಟುಗಳು ತೂಗುತ್ತಿದ್ದವು. ಅಮ್ಮಚ್ಚಿ ಜಗಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದರು. ಲೋಕಸಭಾ ಚುನಾವಣೆಯ ಕರ್ತವ್ಯದ ಕಾಗದಗಳನ್ನು ಓದುತ್ತ ಕುಳಿತಿದ್ದ ಸಾಲಿ ಎದ್ದು ಬಂದವಳು, ಫೋನ್ ಮಾಡಿ ಬರಬಾರದಿತ್ತೇ ಎಂದು ಸಂಕೋಚಪಟ್ಟಳು. ಇವತ್ತು ಪೆಸಹಾ ಅಲ್ಲವೇ ಎಂದು ನಾನು ಸಂಭ್ರಮದಿಂದ ಕೇಳಿದೆ. ಸಾಲಿ ಜೋಯ್‌ನ ಮುಖ ನೋಡಿದಳು. ಜೋಯ್ ಗೋಡೆಯ ಕ್ಯಾಲೆಂಡರ್ ನೋಡಿದ. ಅವರ ಮನೆಮಾತಿನಲ್ಲಿ, ಈಸ್ಟರಿಗೆ ಮೂರು ದಿನ ಮೊದಲು ಬರುವ ಆ ದಿನದ ಹೆಸರೇ ಪೆಸಹಾ ಗುರುವಾರ ಎಂಬುದು ನನಗೆ ಆಗ ನೆನಪಾಯಿತು. ತಿಥಿಗೆ ವಾರ ಹೊಂದುವುದಿಲ್ಲವೆಂದು ಎಷ್ಟೋ ಲಿಪಿಕಾರರನ್ನು ಹಿಡಿದು ಝಾಡಿಸಿದ್ದ ನಾನು ಗುರುವಾರದ ಹಬ್ಬಕ್ಕೆ ಸೋಮವಾರ ಬಂದು ನಿಂತಿದ್ದೆ.

ಅಮ್ಮಚ್ಚಿ ಬೀಜದಿಂದ ಕಣ್ಣು ಎತ್ತದೆ ಕೇಳಿದರು: “ಯಾರ ಪೆಸಹಾ ಸಾರ್?”

“ಯೆಹೂದ್ಯರದ್ದು,” ಎಂದೆ. ನನ್ನ ಧ್ವನಿ ಆಗಲೇ ಇಳಿದಿತ್ತು.

“ಇಲ್ಲಿ ಯೆಹೂದ್ಯರು ಯಾರಿದ್ದಾರೆ? ಮೇಲಿನ ತೋಟದವರು ಬಂಟರು, ಕೆಳಗಿನವರು ಬ್ಯಾರಿಗಳು. ನೀವು ಜೈನರು. ನಿಮ್ಮನ್ನು ಯಾವ ಯೆಹೂದ್ಯ ಕರೆದದ್ದು?”

ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ನಗು ತಡೆಯಲಾಗಲಿಲ್ಲ. ಬೀಜದ ತಟ್ಟೆ ಮಡಿಲಿನಿಂದ ಜಾರಿತು. ಡಿಸೆಂಬರಿನಿಂದ ಈಚೆಗೆ ಅವರು ನಕ್ಕಿದ್ದು ಅದೇ ಮೊದಲು ಎಂದು ಸಾಲಿ ಆಮೇಲೆ ಹೇಳಿದಳು. ಸಂಶೋಧನೆಯಿಂದ ಸಮಾಜಕ್ಕೇನು ಉಪಯೋಗ ಎಂದು ಕೇಳುವವರಿಗೆ ಇನ್ನು ಮುಂದೆ ಇದನ್ನೇ ಉದಾಹರಿಸಬಹುದು.

ಸೋಜಿಗವೆಂದರೆ, ಮಾರ್ಚಿನ ಆ ಗುರುವಾರ ನಾನು ಬಾರದಿದ್ದುದಕ್ಕೆ ಅವರು ಬೇಸರಿಸಿರಲಿಲ್ಲ. ಸೂತಕದ ಮನೆಯೆಂದು ಸರ್ ಹಿಂಜರಿದಿರಬೇಕು ಎಂದುಕೊಂಡಿದ್ದರಂತೆ. ಸಾವು ಸಂಭವಿಸಿದ ವರ್ಷ ಆ ಮನೆಯಲ್ಲಿ ಪೆಸಹಾದ ಅಪ್ಪ ಮಾಡುವಂತಿಲ್ಲ. ನೆರೆಯ ಕ್ರೈಸ್ತರು ತಮ್ಮಲ್ಲಿ ಮಾಡಿದ್ದನ್ನು ತಂದುಕೊಡುತ್ತಾರೆ. ಹಾಗೆಯೇ ತಂದುಕೊಟ್ಟರು, ಪ್ರಾರ್ಥನೆ ಆಯಿತು. ಹಾಡಿನ ಹೊತ್ತಿಗೆ ಎಲ್ಲರೂ ಕಾದರು. ಅಮ್ಮಚ್ಚಿ ಮಾತ್ರ, ಅಪ್ಪ ಬೇಯದ ಮನೆಯಲ್ಲಿ ಹಾಡು ಎಲ್ಲಿಂದ, ಬರುವ ವರ್ಷ ನೋಡುವ, ಎಂದು ಎದ್ದುಬಿಟ್ಟರು. ಇದನ್ನು ಹೇಳುವಾಗ ಜೋಯ್ ಕ್ಯಾಲೆಂಡರಿನ ಕಡೆಗೇ ನೋಡುತ್ತಿದ್ದ. ಬರುವ ವರ್ಷ ಎಂಬ ಮಾತನ್ನು ಎಂಬತ್ತು ದಾಟಿದವರ ಬಾಯಿಂದ ಕೇಳುವ ಮಗನಿಗೆ ಅದು ಎಷ್ಟು ದೂರ ಕಾಣಿಸಿತೋ.

ನಾನು ತಪ್ಪೊಪ್ಪಿಕೊಂಡು ಸಂಜೆಯ ಬಸ್ಸು ಹಿಡಿಯಲು ಎದ್ದೆ. ಮನೆಗೆ ಬಂದವರನ್ನು ಹಾಗೆಯೇ ಕಳಿಸುವುದಿಲ್ಲ, ಊಟ ಮಾಡಿಕೊಂಡು ಹೋಗಿ ಎಂದರು ಅಮ್ಮಚ್ಚಿ. ಸೂರ್ಯಾಸ್ತದ ನಂತರ ನಾನು ಉಣ್ಣುವುದಿಲ್ಲವೆಂದೆ. ಅದು ನಮ್ಮ ವ್ರತ. ಅದು ಅವರಿಗೆ ಬಹಳ ಕುತೂಹಲವೆನಿಸಿತು. ಹಾಗಾದರೆ ಪೆಸಹಾದ ರಾತ್ರಿಯೂಟ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದರು. ಈ ಪ್ರಶ್ನೆಯನ್ನು ನಾನು ಯಾವ ಮೂಲದಲ್ಲೂ ತಾಳೆ ನೋಡಿರಲಿಲ್ಲ. ಆದರೆ ತಾರೀಕಿನ ವಾಸನೆ ಬಡಿದರೆ ಸುಮ್ಮನಿರುವ ಜಾತಿ ನನ್ನದಲ್ಲ. ಯೆಹೂದ್ಯರಿಗೆ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ, ಆದ್ದರಿಂದ ಅವರ ಪೆಸಹಾ ಇನ್ನೂ ಆರಂಭವಾಗಿಲ್ಲ ಎಂದು ವಿವರಿಸಿದೆ.

ಅಮ್ಮಚ್ಚಿ ಕೈಯ ಕೆಲಸ ನಿಲ್ಲಿಸಿದರು. “ನಮ್ಮದು?”

“ನಿಮ್ಮದು ಮುಗಿದು ತಿಂಗಳಾಗುತ್ತ ಬಂತು.”

“ಮತ್ತೆ ಈಗ ಏನುಂಟು?”

“ಈಗ ಏನೂ ಇಲ್ಲ ಅಮ್ಮಚ್ಚಿ. ಸೂರ್ಯ ಮುಳುಗುವವರೆಗೆ ಯಾರ ಪೆಸಹಾವೂ ಇಲ್ಲ.”

ಅವರು ಅಂಗಳದ ಬಿಸಿಲನ್ನು ಕಣ್ಣಲ್ಲೇ ಅಳೆದರು. ಆಮೇಲೆ ಸೊಸೆಯ ಕಡೆ ತಿರುಗಿ, “ಉದ್ದು ನೆನೆಸು ಸಾಲಿ,” ಎಂದರು. “ಶಿಲುಬೆ ಇಡುವುದು ಬೇಡ. ಬೆಳ್ಳುಳ್ಳಿ, ಈರುಳ್ಳಿಯೂ ಬೇಡ, ಇವರಿಗೆ ಆಗುವುದಿಲ್ಲ. ಇದು ಪೆಸಹಾ ಅಲ್ಲ, ಬಂದವರಿಗೆ ತಿಂಡಿ. ಪೆಸಹಾ ಅಲ್ಲದ ದಿನಕ್ಕೆ ಸೂತಕದ ಕಟ್ಟು ಎಲ್ಲಿಂದ ಬಂತು?”

ಧರ್ಮಶಾಸ್ತ್ರದ ಗ್ರಂಥಗಳಲ್ಲಿ ನಾನು ಅನೇಕ ಸೂಕ್ಷ್ಮ ವಿನಾಯಿತಿಗಳನ್ನು ಕಂಡಿದ್ದೇನೆ, ಇಷ್ಟು ಚೊಕ್ಕವಾದುದನ್ನು ಕಂಡಿಲ್ಲ. ಎರಡು ಪಂಚಾಂಗಗಳ ನಡುವೆ ಓಣಿಯೊಂದಿದೆ ಎಂದು ತೋರಿಸಿದವನು ನಾನು. ಆ ಓಣಿಯಲ್ಲಿ ನಡೆಯಬಹುದೆಂದು ಕಂಡುಕೊಂಡವರು ಅವರು.

ಮುಂದಿನದೆಲ್ಲ ಓಟ. ಮೋಶೆಯ ಜನ ಈಜಿಪ್ಟಿನಿಂದ ಹೊರಡುವಾಗ ಹಿಟ್ಟು ಹುಳಿಯುವಷ್ಟು ಪುರುಸೊತ್ತಿರಲಿಲ್ಲ, ಅದಕ್ಕೇ ಹುಳಿಯಿಲ್ಲದ ರೊಟ್ಟಿ ಎನ್ನುತ್ತಾರೆ. ಅವರ ಹಿಂದೆ ಫರೋಹನ ರಥಗಳಿದ್ದವು. ನಮ್ಮ ಹಿಂದೆ ಇದ್ದದ್ದು ಒಬ್ಬ ಜೈನನ ಸೂರ್ಯಾಸ್ತ. ಸಾಲಿ ಉದ್ದು ಅರೆದಳು, ಜೋಯ್ ತೆಂಗಿನಕಾಯಿ ತುರಿದು ಹಾಲು ಹಿಂಡಿದ, ಅಮ್ಮಚ್ಚಿ ಬೆಲ್ಲ ಕರಗಿಸುತ್ತ ಇಬ್ಬರನ್ನೂ ಬೈದರು. ನನಗೆ ಕೊಟ್ಟ ಕೆಲಸ ಸೂರ್ಯನನ್ನು ನೋಡುವುದು. ಅವನು ಪಡುವಣದ ರಬ್ಬರ್ ಮರಗಳ ತಲೆಗೆ ಬಂದಾಗ ಅಪ್ಪ ಮೇಜಿನ ಮೇಲೆ ಬಂತು.

ಜೋಯ್ ಮುರಿಯಲು ಕೈ ಹಾಕಿದ. ಅಮ್ಮಚ್ಚಿ ಅವನ ಮಣಿಕಟ್ಟು ಹಿಡಿದು ತಡೆದರು. ಅನಂತರ, ಯಾರೂ ಕೇಳದೆಯೇ, ಗಂಡನ ಮೊದಲ ಸಾಲನ್ನು ಎತ್ತಿದರು.

ಆ ಮಲಯಾಳದ ಸಾಲಿನ ಅರ್ಥ ನನಗೆ ತಿಳಿಯಲಿಲ್ಲ. ಧಾಟಿ ಸರಳ: ಒಂದೇ ಸ್ವರದ ಮೇಲೆ ಮಾತುಗಳು ಸಾಲಾಗಿ ನಡೆದು, ಕೊನೆಯಲ್ಲಿ ಸ್ವಲ್ಪ ಇಳಿದು ಕುಳಿತುಕೊಳ್ಳುವುದು. ಸಾಲು ಮುಗಿಯಿತು. ಉತ್ತರ ಕೊಡಬೇಕಾದವರೇ ಸಾಲು ಎತ್ತಿದ್ದರಿಂದ ಉತ್ತರದ ಜಾಗ ಖಾಲಿಯಾಗಿ ಉಳಿಯಿತು. ಮೊದಲು ಸಾಲಿ, ಅವಳ ಹಿಂದೆ ಜೋಯ್, ಪಲ್ಲವಿ ಹಿಡಿದರು. ಅಮ್ಮಚ್ಚಿ ಎರಡನೆಯ ಸಾಲಿಗೆ ಹೋದರು. ನಾಲ್ಕನೆಯದಕ್ಕೋ ಐದನೆಯದಕ್ಕೋ ನನಗೂ ಪಲ್ಲವಿ ಬಂದುಬಿಟ್ಟಿತು. ಗದ್ದೆಯ ನಾಟಿಗೆ ತುಳು ಹೆಂಗಸರು ಹಾಡುವಾಗಲೂ ಒಬ್ಬಾಕೆ ಎತ್ತಿಕೊಟ್ಟದ್ದಕ್ಕೆ ಉಳಿದವರು ಹೀಗೆಯೇ ದನಿಗೂಡಿಸುತ್ತಾರೆ. ಪಲ್ಲವಿಯನ್ನು ಯಾವ ಶತಮಾನದಲ್ಲಿ ಯಾರು ಕಂಡುಹಿಡಿದರೆಂದು ಇನ್ನು ನಾನು ಕೇಳುವುದಿಲ್ಲ. ಏಕೆ ಕಂಡುಹಿಡಿದರೆಂದು ಅಂದು ತಿಳಿಯಿತು. ಹಾಡು ಬಾರದವನಿಗೂ ಅದರಲ್ಲಿ ಮಣೆ ಹಾಕಲಿಕ್ಕೆ. ದೇವಾಲಯ ಬಿದ್ದಾಗ, ಊರು ಬಿಟ್ಟಾಗ, ಭಾಷೆ ಬದಲಾದಾಗಲೂ ಆ ಹಾಡು ಸಾಯದಿದ್ದುದಕ್ಕೆ ಬಹುಶಃ ಇದೂ ಒಂದು ಕಾರಣ: ಪ್ರತಿ ಸಲವೂ ಯಾರೋ ಪಕ್ಕದ ಮನೆಯವರು ಉತ್ತರ ಕೊಡುತ್ತಿದ್ದರು. ಇದಕ್ಕೆ ಆಧಾರ ಕೇಳಬೇಡಿ.

ಸೂರ್ಯ ಮುಳುಗುವ ಮೊದಲು ಹಾಡು ಮುಗಿಯಿತು, ಅಪ್ಪವೂ ಮುಗಿಯಿತು. ಅಪ್ಪ ಬಂದಾಗಲೇ ನಾನು ಧ್ವನಿಮುದ್ರಣ ಒತ್ತಿ ಮೇಜಿನ ಮೇಲಿಟ್ಟಿದ್ದ ಫೋನಿನಲ್ಲಿ ಎಲ್ಲವೂ ದಾಖಲಾಗಿತ್ತು. ಕೇಳಿಸಿ ಎಂದರು ಅಮ್ಮಚ್ಚಿ. ಕೇಳಿಸಿದೆ. ಗಂಡನ ಮೊದಲ ಸಾಲು ಅವರದೇ ಧ್ವನಿಯಲ್ಲಿ ಹೊರಬಂದು ಮುಗಿಯಿತು. ಅವರು ಕಣ್ಣು ಮುಚ್ಚಿಕೊಂಡು, ಅರ್ಧ ಶತಮಾನ ಕೊಟ್ಟ ಅದೇ ಉತ್ತರವನ್ನು ಆ ಫೋನಿಗೆ ಕೊಟ್ಟರು. ಎರಡನೆಯ ಸಾಲಿಗೂ ಕೊಟ್ಟರು. ಮೂರನೆಯದಕ್ಕೆ ಹುಬ್ಬು ಗಂಟಿಕ್ಕಿ, “ಇಲ್ಲಿ ಅವಸರ ಮಾಡಿದ್ದು ನೋಡಿ. ಅವರದ್ದೂ ಇದೇ ರೋಗ,” ಎಂದು ದೂರಿದರು. ಜೋಯ್ ಎದ್ದು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದ.

ಹೋದವನು ಸ್ವಲ್ಪ ಹೊತ್ತಿನಲ್ಲೇ ಹಿಂದೆ ಬಂದು, ತಾಯಿಯ ಕಾಲ ಬಳಿ ನೆಲದ ಮೇಲೆ ಕುಳಿತು, ಮೊದಲ ಸಾಲನ್ನು ಇನ್ನೊಮ್ಮೆ ಹೇಳಿಕೊಡಲು ಕೇಳಿದ. ಅವರು ಹೇಳಿಕೊಟ್ಟರು. ಅವನು ತಪ್ಪಿದ. ಅವರು ತಲೆಗೆ ಮೊಟಕಿ ಮತ್ತೆ ಹೇಳಿಕೊಟ್ಟರು. ನಾನು ಬೀಳ್ಕೊಂಡು ಜೀಪು ಹತ್ತುವಾಗ ಅವನು ಎರಡನೆಯ ಸಾಲಿನಲ್ಲಿದ್ದ.

ಹೊರಡುವಾಗ ಅಮ್ಮಚ್ಚಿ ಜಗಲಿಯಿಂದಲೇ ಹೇಳಿದ್ದರು: “ಬರುವ ವರ್ಷ ಗುರುವಾರವೇ ಬನ್ನಿ ಸಾರ್. ಇವನು ಸಾಲು ಎತ್ತುತ್ತಾನೆ, ನಾನು ಉತ್ತರ ಕೊಡ್ತೇನೆ. ನೀವು ನನ್ನ ಬದಿಯಲ್ಲಿ ಕೂತುಕೊಳ್ಳಿ. ನಿಮ್ಮ ಶ್ರುತಿ ಮಾತ್ರ ಸ್ವಲ್ಪ ಮೇಲೆ ತರಬೇಕು.”

ನಿವೃತ್ತಿಯ ನಂತರ ನನಗೆ ಬಂದ ಒಂದೇ ಒಂದು ನೇಮಕಾತಿ ಇದು. ಮೂಡುಬಿದಿರೆಯಲ್ಲಿ ಈಗ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಅಭ್ಯಾಸ ನಡೆಯುತ್ತಿದೆ. ಬೇರೆಯವರ ದೇವರ ಕರುಣೆಗೆ ಕೊನೆಯಿಲ್ಲವೆಂದು ನನಗೆ ಬಾರದ ಭಾಷೆಯಲ್ಲಿ ನಾನು ದಿನವೂ ದೃಢೀಕರಿಸುತ್ತೇನೆ. ಅಡುಗೆಮನೆಯಿಂದ ನನ್ನ ಹೆಂಡತಿ, ಇನ್ನೂ ಸ್ವಲ್ಪ ಮೇಲೆ, ಎನ್ನುತ್ತಾಳೆ.